ಮುಯ್ಯಿ ನೀರು

30 ಮಾರ್ಚ್ 2025, ಉಗಾದಿ

ನೀರು ಆರನೇ ಗೀಟು.

ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಏರಿಗೆ ಓಡಿದೆ. ತೂಬಿನ ಕಲ್ಲಿನ ಮೇಲೆ ಇಪ್ಪತ್ತು ಗೀಟುಗಳಿವೆ, ಕೆಳಗಿನಿಂದ ಎಣಿಸಬೇಕು. ಬೇರೆ ವರ್ಷ ಉಗಾದಿಗೆ ಮೂರನೇ ಗೀಟು ದಾಟಿದ್ದು ನಾನು ಕಂಡಿಲ್ಲ. ಹೋದ ಸಲ ಹಿಂಗಾರು ಕಾರ್ತಿಕ ಮುಗಿದ ಮೇಲೂ ಸುರಿಯುತ್ತಲೇ ಇತ್ತಲ್ಲ, ಅದರ ಉಳಿಕೆ ಇದು. ಮಾವ, "ಮಳೆಗಳಿಗೂ ತಲೆ ಕೆಟ್ಟೈತೆ ಕಣಮ್ಮ" ಅಂದರು.

ಹಬ್ಬದ ದೊಡ್ಡ ಸುದ್ದಿ ಬೇರೆಯೇ ಇದೆ. ಈ ಬೇಸಿಗೆಗೆ ನಾಲೆ ನೀರು ನಮ್ಮ ಎಲೆಕುಂಟೆ ಕೆರೆಗೆ! ಏಪ್ರಿಲ್ 24ರಿಂದ ಹನ್ನೆರಡು ದಿನ ನಮ್ಮ ಸರದಿ, ಆಮೇಲೆ ಹನ್ನೆರಡು ದಿನ ಪಕ್ಕದೂರು ಹುಲಿಕಟ್ಟೆಯವರದ್ದು. ನಾಲೆಯ ಕವಲಿನಲ್ಲಿ ಹಲಗೆ ಎತ್ತಿ ನೀರು ತಿರುಗಿಸುವವಳು ನಾನು, ನೀರುಗಂಟಿ ಮಂಗಳಗೌರಿ. ಕೆರೆ ಸಂಘದ ಅಧ್ಯಕ್ಷ ಕುಮಾರಸ್ವಾಮಿಯವರು ಫ್ಲೆಕ್ಸಿನಲ್ಲಿ ನನ್ನ ಫೋಟೊನೂ ಹಾಕಿಸುತ್ತಾರಂತೆ. ಮಾವನ ಕಣ್ಣು ಮಂಜಾಗಿ ತೂಬಿನ ಹ್ಯಾಂಡಲ್ಲು ನನ್ನ ಕೈಗೆ ಬಂದು ಮೂರು ವರ್ಷವಾಯಿತು. "ಹೆಂಗಸು ತೂಬು ಮುಟ್ಟಿದರೆ ಕೆರೆಗೆ ಆಗಿಬರುತ್ತಾ?" ಎಂದವರೆಲ್ಲ ಆ ಫ್ಲೆಕ್ಸಿನ ಕೆಳಗೇ ನಡೆದು ಬರಬೇಕು. ಯಾವ ಸೀರೆ ಉಡಲಿ ಎಂದು ಈಗಿನಿಂದಲೇ ಯೋಚನೆ.

16 ಏಪ್ರಿಲ್

ನೀರು ನಾಲ್ಕೂವರೆ.

ತಲೆ ಇನ್ನೂ ಉರಿಯುತ್ತಿದೆ, ಆದರೂ ನಗು ತಡೆಯಲು ಆಗುತ್ತಿಲ್ಲ. ನಾಲೆ ನೀರು ಬರುವ ಮೊದಲು ಹೂಳು ನೋಡೋಣವೆಂದು ಮೊಣಕಾಲುದ್ದ ನೀರಿನಲ್ಲಿ ಕೆರೆ ನಡುವಿನ ದಿಬ್ಬಕ್ಕೆ ಹೋಗಿದ್ದೆ. ಕಾಲಿಟ್ಟಿದ್ದೇ ತಡ, ಕರ್ರೋ ಎಂದು ಮೇಲಿನಿಂದ ಒಂದು ಹಕ್ಕಿ ಇಳಿದು ನೆತ್ತಿಗೆ ಕುಟುಕಿತು! ಅದರ ಹಿಂದೆ ಇನ್ನೊಂದು. ಸೆರಗು ತಲೆಗೆ ಸುತ್ತಿಕೊಂಡು ನೆಲ ನೋಡಿದರೆ ಮೊಟ್ಟೆಗಳು. ಗೂಡೂ ಇಲ್ಲ, ಕಡ್ಡಿಯೂ ಇಲ್ಲ. ಬರೀ ಮಣ್ಣಿನಲ್ಲಿ ಅಂಗೈಯಷ್ಟು ಗುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಂದು ಚುಕ್ಕೆ. ಒಂದಡಿ ಆಚೆ ಕಾಲಿಟ್ಟಿದ್ದರೆ ತುಳಿದೇ ಬಿಡುತ್ತಿದ್ದೆ. ಒಟ್ಟು ಹನ್ನೊಂದು ಗುಳಿ.

ಮನೆಗೆ ಬಂದು ಕೂಗಿಕೊಂಡೆ. ಮಾವ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕರು. "ಬಂದವಾ? ನಾನು ತೂಬು ಹಿಡಿದ ಕಾಲ್ದಾಗೆ ವರ್ಷಾ ವರ್ಷಾ ಬರೋವು. ಉಗಾದಿಗೆ ಮೊಟ್ಟೆ, ಕೃತ್ತಿಕೆಗೆ ರೆಕ್ಕೆ. ಅವುಕ್ಕೂ ಪಂಚಾಂಗ ಐತೆ ಕಣಮ್ಮ."

ಕೃತ್ತಿಕೆ ಮಳೆ ಹುಟ್ಟುವುದು ಮೇ ಹನ್ನೊಂದಕ್ಕೆ. ನಾಲೆ ನೀರು ಬರುವುದು ಏಪ್ರಿಲ್ ಇಪ್ಪತ್ತನಾಲ್ಕಕ್ಕೆ. ಬಂದ ಎಂಟು ದಿನಕ್ಕೆ ದಿಬ್ಬ ಮುಳುಗುತ್ತದೆ. ಅಷ್ಟು ಹೊತ್ತಿಗೆ ಮರಿಗಳಿಗೆ ರೆಕ್ಕೆ ಎಲ್ಲಿ ಬಂದಿರುತ್ತದೆ?

17 ಏಪ್ರಿಲ್

ಚನ್ನಮಲ್ಲಯ್ಯ ಮೇಷ್ಟ್ರನ್ನು ಏರಿಗೆ ಕರೆದುಕೊಂಡು ಹೋದೆ. ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಈಗ ರಿಟೈರಾದರೂ ದುರ್ಬೀನು ಬಿಟ್ಟಿಲ್ಲ.

"ರೀವ ಕಣಮ್ಮ ಇದು. ಹಳದಿ ಕೊಕ್ಕು, ಕರೀ ಟೋಪಿ, ಬಾಲ ನೋಡು ಕತ್ತರಿ. ಇದರ ಬಂಧು ಬಳಗವೆಲ್ಲ ಸಮುದ್ರದಲ್ಲಿದೆ. ಈ ಶಾಖೆ ಮಾತ್ರ ಹೊಳೆ, ಕೆರೆ ಅಂತ ಒಳನಾಡಿಗೆ ಬಂದು ಸಂಸಾರ ಹೂಡಿದೆ."

ನಾನು ಸಮುದ್ರ ನೋಡಿದವಳಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದವನು ಬರಗೂರಿಂದ ಶಿರಾ ತನಕ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿರಿಯಾನಿ ತಿನ್ನಿಸಿ ವಾಪಸ್ಸು ತಂದ. ಈಗ ನೋಡಿದರೆ ಸಮುದ್ರದ ನೆಂಟರೇ ನನ್ನ ಕೆರೆಗೆ ಬಂದಿಳಿದಿದ್ದಾರೆ! ಮೇಷ್ಟ್ರು ಹೇಳಿದ ಲೆಕ್ಕ: ಮೊಟ್ಟೆ ಇಟ್ಟ ಇಪ್ಪತ್ತೆರಡು ದಿನಕ್ಕೆ ಮರಿ, ಅಲ್ಲಿಂದ ಮೂರು ನಾಲ್ಕು ವಾರಕ್ಕೆ ರೆಕ್ಕೆ. ಉಗಾದಿಯಿಂದ ಬೆರಳು ಮಡಿಸಿದೆ. ಮಾವನ ಮಾತಿಗೂ ಮೇಷ್ಟ್ರ ಲೆಕ್ಕಕ್ಕೂ ತಾಳೆಯಾಯಿತು. ಹೇಗಾದರೂ ಮಾಡಿ ನೀರನ್ನು ಎರಡು ವಾರ ಮುಂದೆ ಹಾಕಬೇಕು.

19 ಏಪ್ರಿಲ್

ದಾರಿ ಸಿಕ್ಕಿತು! ಸಿಕ್ಕಿದ ದಾರಿ ಮಾತ್ರ ಹುಲಿಕಟ್ಟೆಗೆ ಹೋಗುತ್ತದೆ. ಥೂ.

ಸರದಿ ಬೇಡ ಎಂದರೆ ನೀರು ಕೈತಪ್ಪುತ್ತದೆ, ಊರು ನನ್ನನ್ನು ಕೆರೆಗೇ ನೂಕುತ್ತದೆ. ಮಾವ ಗೋಡೆಗೊರಗಿ ಕೂತು, "ಮುಯ್ಯಿ ಕೇಳು" ಅಂದರು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವ ಹಾಗೆ, ಹಿಂದೆ ನೀರುಗಂಟಿಗಳು ನೀರನ್ನೇ ಮುಯ್ಯಿ ಹಾಕುತ್ತಿದ್ದರಂತೆ. ಇವತ್ತಿನ ನನ್ನ ಸರದಿ ನಿನಗೆ, ನಾಳಿನ ನಿನ್ನ ಸರದಿ ನನಗೆ. ಎರಡೂ ಕೆರೆಯ ಒಂದೊಂದು ಹಿಡಿ ಮಣ್ಣು ವೀಳ್ಯದೆಲೆಯ ಮೇಲೆ ಕಲೆಸಿದರೆ ಮುಗಿಯಿತು, ಕಾಗದವಿಲ್ಲ, ಪತ್ರವಿಲ್ಲ.

ಆದರೆ ಹುಲಿಕಟ್ಟೆ! ಅವರ ಕೆರೆ ನಮ್ಮದಕ್ಕಿಂತ ಮೇಲಿದೆ. ಅವರ ತೂಬು ಎತ್ತಿದರೆ ಹಳ್ಳ ಹರಿದು ನಮ್ಮ ಕೆರೆಗೆ ಬೀಳುತ್ತದೆ. ನಾನು ಮದುವೆಯಾಗಿ ಬರುವ ಮೊದಲೇ ಒಂದು ಬರದಲ್ಲಿ ಅವರು ಆ ಹಳ್ಳಕ್ಕೆ ಅಡ್ಡ ಕಟ್ಟಿದ್ದರು. ಅಂದಿನಿಂದ ನಮ್ಮೂರ ಬಾಯಲ್ಲಿ ಅವರು ನೀರುಗಳ್ಳರು. ಆ ಕಳ್ಳರ ನೀರುಗಂಟಿ ಸಣ್ಣರಂಗಯ್ಯನ ಮುಂದೆ ನಾನು ಹೋಗಿ ನಿಲ್ಲಬೇಕು.

20 ಏಪ್ರಿಲ್

ಹೋಗಿ ಬಂದೆ.

ಅರವತ್ತು ದಾಟಿದ ಒಣಕಲು ಮನುಷ್ಯ. ಬೀಡಿ ಕಚ್ಚಿಕೊಂಡೇ ಎಲ್ಲ ಕೇಳಿದ. ಹಕ್ಕಿ ಎಂದಾಗ ನಕ್ಕಾನು ಎಂದು ಜಗಳಕ್ಕೆ ಸಿದ್ಧವಾಗಿದ್ದೆ. ನಗಲಿಲ್ಲ. ಕೇಳಿದ್ದು ಒಂದೇ ಮಾತು.

"ಉಗಾದಿ ದಿನ ನಿಮ್ಮ ಕೆರೇಲಿ ನೀರು ಎಷ್ಟ್ನೇ ಗೀಟಿಗಿತ್ತಮ್ಮ?"

"ಆರು!" ಅಂದೆ ಜಂಬದಿಂದ.

"ಆರಾ..." ಎಂದು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಹೊಟ್ಟೆಕಿಚ್ಚು, ಇನ್ನೇನು. ಆಮೇಲೆ ಮಣ್ಣು ಕಲೆಸಿದ, ಎಲೆ ಮಡಿಚಿದ, "ಆಯ್ತು ಬುಡು" ಅಂದ. ಒಂದು ಲೋಟ ನೀರು ಕೂಡ ಕೊಡಲಿಲ್ಲ.

21 ಏಪ್ರಿಲ್

ಊರ ಕಟ್ಟೆಯಲ್ಲಿ ಪಂಚಾಯಿತಿ. ಮೊಟ್ಟೆಗೋಸ್ಕರ ನೀರು ಬಿಡುವುದಾ ಎಂದು ಅರ್ಧ ಊರು ಬೈಯಿತು. ಇನ್ನರ್ಧ, ಹುಲಿಕಟ್ಟೆಗೆ ಬಿಡುವುದಾ ಎಂದು ಬೈಯಿತು. ಮಾವ ಕೋಲೂರಿಕೊಂಡು ಬಂದು, "ಬಸಿರಿ ಬಾಣಂತೀನ ಆಚೆ ಹಾಕಿ ಮನೆ ತೊಳೀತೀರೇನ್ರಲಾ?" ಎಂದಾಗ ಸ್ವಲ್ಪ ತಣ್ಣಗಾಯಿತು. ನಾಲೆ ಎಂಜಿನಿಯರು ಫೋನಿನಲ್ಲಿ, ಎರಡೂ ಊರು ಒಪ್ಪಿದರೆ ತಮ್ಮದೇನಿಲ್ಲ ಎಂದರು. ಕೊನೆಗೆ ಕುಮಾರಸ್ವಾಮಿ ನನ್ನನ್ನೇ ದಿಟ್ಟಿಸಿ ಹೇಳಿದರು: "ಮೇ ಆರನೇ ತಾರೀಕಿಂದ ಅವರ ಸರದಿ ನೀರು ನಮಗೆ ಬರಬೇಕು. ಬರಲಿಲ್ಲ ಅಂದ್ರೆ ತೂಬಿನ ಹ್ಯಾಂಡಲ್ಲು ಈ ಕಟ್ಟೆ ಮೇಲೆ ಇಟ್ಟು ಹೋಗ್ಬೇಕಾಯ್ತದೆ ಮಂಗಳಗೌರಿ."

"ಇಡ್ತೀನಿ" ಅಂದೆ. ಬಾಯಿ ಮುಂದು ನನ್ನದು. ಫ್ಲೆಕ್ಸಿನ ತಾರೀಕೂ ಮೇ ಆರಕ್ಕೆ ತಿದ್ದಿಸಬೇಕು.

24 ಏಪ್ರಿಲ್

ನಮ್ಮ ನೀರು ಅವರ ಕೆರೆಗೆ ಹೋಯಿತು. ತಮಟೆ ಸದ್ದು ಇಲ್ಲಿಯ ತನಕ. ಹೊಟ್ಟೆ ಉರಿಯಿತು. ದಿಬ್ಬ ನೋಡಿ ಸಮಾಧಾನ ಮಾಡಿಕೊಂಡೆ.

28 ಏಪ್ರಿಲ್

ಮರಿ ಇಲ್ಲ. ಉಗಾದಿಯಿಂದ ಇಪ್ಪತ್ತೊಂಬತ್ತು ದಿನವಾಯಿತು. ಮೊಟ್ಟೆ ಕೆಟ್ಟಿರಬಹುದೇ?

1 ಮೇ

ನೀರು ಮೂರೂ ಮುಕ್ಕಾಲು.

ಮಧ್ಯಾಹ್ನ ಮೇಷ್ಟ್ರ ದುರ್ಬೀನು ಇಸಿದುಕೊಂಡು ಏರಿಯ ಹೊಂಗೆ ನೆರಳಿನಲ್ಲಿ ಕೂತೆ. ಬಿಸಿಲಿಗೆ ಕಲ್ಲು ಕಾದಿದೆ. ಒಂದು ತಾಯಿ ಎದ್ದು ನೀರಿನ ಮೇಲೆ ತಗ್ಗಿ ಹಾರಿ ಹೊಟ್ಟೆ ಮಾತ್ರ ಅದ್ದಿಕೊಂಡು ಬಂದು ಮೊಟ್ಟೆಯ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು, ಮತ್ತೆ ಅದ್ದಿತು. ಒದ್ದೆ ಬಟ್ಟೆ ಹಾಕಿ ಜ್ವರ ಇಳಿಸುವ ಹಾಗೆ ಮೊಟ್ಟೆ ತಂಪು ಮಾಡುತ್ತಿದೆ! ಹನ್ನೊಂದು ಗುಳಿಯಲ್ಲೂ ಅದೇ ಕೆಲಸ. ಕೆಟ್ಟ ಮೊಟ್ಟೆಗೆ ಯಾರಾದರೂ ಇಷ್ಟು ಆರೈಕೆ ಮಾಡುತ್ತಾರೆಯೇ?

ಸಂಜೆ ಏನೋ ತೋಚಿ ಈ ಪುಸ್ತಕದ ಹಿಂದಿನ ಹಾಳೆ ತಿರುವಿದೆ. ಉಗಾದಿಯ ದಿನ ನನ್ನ ಕೈಯಾರೆ ಬರೆದಿದ್ದೇನೆ: ನೀರು ಆರನೇ ಗೀಟು. ಐದಕ್ಕೆ ಇಳಿಯುವ ತನಕ ದಿಬ್ಬದ ತಲೆಯೇ ಕಾಣುವುದಿಲ್ಲ! ಉಗಾದಿಗೆ ಆ ದಿಬ್ಬ ನೀರಿನ ಅಡಿಯಲ್ಲಿತ್ತು. ಹಕ್ಕಿಗಳು ಮೊಟ್ಟೆಯನ್ನು ಎಲ್ಲಿಡುತ್ತವೆ, ನನ್ನ ತಲೆಯ ಮೇಲಾ? ಅವು ದಿಬ್ಬ ಏಳುವುದನ್ನೇ ಕಾದು ಏಪ್ರಿಲ್ ನಡುವೆ ಇಟ್ಟಿವೆ. ಹದಿನೈದು ದಿನ ತಡ. ದಿನಾ ಗೀಟು ನೋಡುವ ನೀರುಗಂಟಿ ನಾನು, ಹೋಗಿ ಪಂಚಾಂಗ ನಂಬಿದೆನಲ್ಲ! ರೆಕ್ಕೆ ಬರುವುದು ಕೃತ್ತಿಕೆಗಲ್ಲ, ರೋಹಿಣಿಗೆ, ಜೂನ್ ಮೊದಲ ವಾರಕ್ಕೆ. ಆರನೇ ತಾರೀಕು ನೀರು ಬಂದರೆ ಹದಿನಾಲ್ಕಕ್ಕೆ ದಿಬ್ಬ ಮುಳುಗುತ್ತದೆ.

ಮಾವನಿಗೆ ಹೇಳಿದೆ. "ಮಳೆ ತಾರೀಕು ಬದಲಾಯಿಸ್ತು, ಹಕ್ಕೀನೂ ಬದಲಾಯಿಸ್ತು. ನಾನೊಬ್ಬ ಹಳೇ ಗಾದೆ ಹಿಡ್ಕಂಡು ಕೂತಿದ್ದೆ" ಎಂದು ಕಣ್ಣು ಒರೆಸಿಕೊಂಡರು. ಮಾವ ಹಾಗೆ ಕುಗ್ಗಿದ್ದು ನೋಡಿ ನನಗೆ ಅಳು ಬಂತು. ಊರನ್ನು ಇನ್ನೊಮ್ಮೆ ಯಾವ ಮುಖದಿಂದ ಕೇಳಲಿ?

6 ಮೇ

ಮರಿ! ಮರಿ! ಮರಿ!

ಬೆಳಗಿನ ಏಳಕ್ಕೆ ಮೂರನೇ ಗುಳಿಯಲ್ಲಿ ಒಂದು ಹತ್ತಿಯುಂಡೆ ಅಲ್ಲಾಡಿತು. ಹತ್ತಕ್ಕೆ ಐದು. ತಂದೆ ಬೆರಳಿನಷ್ಟು ಮೀನು ಕಚ್ಚಿಕೊಂಡು ಬಂದರೆ ಮರಿಯ ಬಾಯಿ ಮೀನಿಗಿಂತ ದೊಡ್ಡದು! ದುರ್ಬೀನು ಮೇಷ್ಟ್ರಿಗೆ ಕೊಡಲು ಮನಸ್ಸೇ ಬರಲಿಲ್ಲ, ಕಿತ್ತುಕೊಂಡರು.

ಕವಲಿನ ಹತ್ತಿರ ಊರೆಲ್ಲ ಸೇರಿ ಪೂಜೆಗೆ ಕಾದಿತ್ತು. ನೀರು ಬರಲಿಲ್ಲ. ಸರದಿ ಯಾರದೋ ಹಲಗೆ ಎತ್ತುವುದೂ ಅವರೇ. ಸಣ್ಣರಂಗಯ್ಯ ಎತ್ತಲಿಲ್ಲ, ಮನುಷ್ಯನೂ ಕಾಣಲಿಲ್ಲ. ನನಗೆ ಸಿಟ್ಟು ಬರಬೇಕೋ ಕುಣಿಯಬೇಕೋ ತಿಳಿಯದೆ ಬೆಪ್ಪಾಗಿ ನಿಂತಿದ್ದೆ.

8 ಮೇ

ನಲ್ಲಿಯ ಹತ್ತಿರ ಚಿಕ್ಕಹನುಮಕ್ಕ ಮುಖದ ಮೇಲೆಯೇ ಹೇಳಿದಳು: "ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಬಂದೆಯಲ್ಲೇ." ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ನನಗೂ ರಕ್ತ ಕುದಿಯುತ್ತಿದೆ. ಹಕ್ಕಿ ಉಳಿಯಲಿ ಎಂಬ ಆಸೆ ನನ್ನದು, ನಿಜ. ಹಾಗೆಂದು ಮಣ್ಣು ಮುಟ್ಟಿ ಆಡಿದ ಮಾತಿಗೆ ತಪ್ಪುವುದಾ? ನಾಳೆ ಹೋಗಿ ಜಾಡಿಸುತ್ತೇನೆ.

ಒಂದು ವಿಚಿತ್ರ. ಇಷ್ಟು ಬಿಸಿಲಿಗೆ ದಿನಕ್ಕಿಷ್ಟು ಎಂದು ಇಳಿಯಬೇಕಾದ ನೀರು ಮೂರು ದಿನದಿಂದ ಮೂರೂವರೆಯಲ್ಲೇ ನಿಂತಿದೆ.

9 ಮೇ

ಜಾಡಿಸಲೆಂದೇ ಹೋದೆ.

ಸಣ್ಣರಂಗಯ್ಯ ಕವಲಿನ ಹಲಗೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ದೂರದಿಂದಲೇ ಶುರು ಮಾಡಿದೆ. ಮುಯ್ಯಿ ನುಂಗಿದವರ ಮನೆ ಉದ್ಧಾರವಾಗುವುದಿಲ್ಲ, ಕೆರೆ ಒಡೆದುಹೋಗುತ್ತದೆ, ಇನ್ನೂ ಏನೇನೋ. ಎಲ್ಲ ಮುಗಿಯುವ ತನಕ ಕಾದು ಕೇಳಿದ:

"ನಿನ್ನೆ ಬಂದಿದ್ದೆ ಕಣಮ್ಮ ನಿಮ್ಮೇರಿಗೆ. ಮರಿ ಇನ್ನೂ ಹತ್ತಿ ಉಂಡೆ ಅವೆ. ನೀರು ಬುಟ್ರೆ ಎಲ್ಲಿಗೋಯ್ತವೆ?"

ನಾನು ಹಲಗೆಯ ಇನ್ನೊಂದು ತುದಿಯಲ್ಲಿ ಕೂತೆ.

"ನೀನು ಆರ್ನೇ ಗೀಟು ಅಂದಾಗ್ಲೇ ಗೊತ್ತಾಯ್ತು, ಲೆಕ್ಕ ತಪ್ಪಿದೀಯ ಅಂತ. ಹೇಳಿದ್ರೆ ನಿಮ್ಮೂರೋರು ಮುಯ್ಯಿಗೇ ಒಪ್ತಿರ್ಲಿಲ್ಲ. ಅದ್ಕೇ ಸುಮ್ಕಾದೆ."

"ಮತ್ತೆ ಊರೆಲ್ಲ ನಿಮ್ಮುನ್ನ ಕಳ್ಳ ಅಂತೈತಲ್ಲ?"

"ಅದು ನಮಗೆ ಹೊಸದಾ? ಹಳೇ ಹೆಸರು, ಇನ್ನೊಂದು ತಿಂಗಳು ಬಾಡಿಗೆಗೆ ಇಟ್ಕಂಡ್ರಾಯ್ತು." ಬೀಡಿ ಹೊಸಕಿದರು. "ನಿಮ್ಮ ಹನ್ನೆರಡು ದಿನದ ನೀರೂ ನಮ್ಮ ಕೆರೇಲೇ ನಿಲ್ಲಿಸ್ತೀನಿ. ಹಕ್ಕಿ ಎದ್ದ ದಿನ ನಮ್ಮ ತೂಬು ಎತ್ತಿದ್ರೆ ಹಳ್ಳ ಹಿಡಿದು ನಿಮಗೇ ಬತ್ತದೆ. ಈಗ ಹಲಗೆ ಸಂದೀಲಿ ಒಂದು ಬೆರಳಗಲ ನೀರು ಬುಟ್ಟಿದೀನಿ. ದಿಬ್ಬದ ಸುತ್ತ ನೀರಿರ್ಬೇಕು, ಇಲ್ದಿದ್ರೆ ನಾಯಿ ದಾಟ್ತವೆ."

ನೀರು ಮೂರೂವರೆಯಲ್ಲಿ ನಿಂತಿದ್ದು ಇದಕ್ಕೆ! ಅಳತೆ ನೋಡಿ, ಅಷ್ಟು ದೂರದಿಂದ ನನ್ನ ಕೆರೆಯನ್ನು ಗೀಟಿನ ಮೇಲೆ ಹಿಡಿದು ನಿಲ್ಲಿಸಿದ್ದಾರೆ. ಮೂರು ವರ್ಷದಿಂದ ನೀರುಗಂಟಿ ಎಂದು ಬೀಗುತ್ತಿದ್ದೆ ನಾನು.

"ಇಷ್ಟೆಲ್ಲ ಯಾಕೆ ದೊಡ್ಡಪ್ಪ?"

"ನಮ್ಮ ಕೆರೇಲೂ ಒಂದು ದಿಬ್ಬ ಇತ್ತು. ಇಟ್ಟಿಗೆಗೆ ಮಣ್ಣು ತೆಗೆದು ತೆಗೆದು ಅರ್ಧ ಆಯ್ತು, ಜಾಲಿ ಬೆಳೀತು. ಮೂವತ್ತು ವರ್ಷ ಆಯ್ತು, ಅವು ಇತ್ತಗೆ ತಿರುಗಿ ನೋಡಿಲ್ಲ." ಹೆಗಲ ಚೀಲದಿಂದ ಏನೋ ತೆಗೆದು ನನ್ನ ಕೈಯಲ್ಲಿಟ್ಟರು. ಹುಲಿಕಟ್ಟೆ ತೂಬಿನ ಹ್ಯಾಂಡಲ್ಲು. "ಇದು ನಿಮ್ಮನೇಲಿರ್ಲಿ. ನಾನು ಸತ್ರೂ ನಿಮ್ಮ ನೀರು ನಿಮಗೆ ಸಿಗ್ತದೆ."

ಹಿಡಿಯಲ್ಲಿ ಅವರ ಕೈಬೆವರಿನ ಜಿಡ್ಡು ಇನ್ನೂ ಇತ್ತು. ರಾಗಿ ವಾಡೆಯಲ್ಲಿ ಹುದುಗಿಸಿ ಇಟ್ಟಿದ್ದೇನೆ.

17 ಮೇ

ನಾಲೆ ನಿಂತಿತು. ಕಟ್ಟೆಯಲ್ಲಿ ಊರು ಸೇರಿತು. ಕುಮಾರಸ್ವಾಮಿ, "ಮಾತು ಜ್ಞಾಪಕ ಇದೆಯಾ?" ಎಂದರು.

ನಮ್ಮ ಹ್ಯಾಂಡಲ್ಲನ್ನು ಕಟ್ಟೆಯ ಮೇಲಿಟ್ಟೆ. ಆಮೇಲೆ ಸೆರಗಿನಿಂದ ಎರಡನೆಯದನ್ನು ತೆಗೆದು ಅದರ ಪಕ್ಕದಲ್ಲಿಟ್ಟೆ. ಯುವಕರಿಗೆ ಏನೂ ಅರ್ಥವಾಗಲಿಲ್ಲ. ಮಾವ ತಡವಿ ನೋಡಿದರು, ಬೆರಳು ಹಿಡಿಯ ತುದಿಯ ಹಳೇ ಬೆಸುಗೆಯ ಮೇಲೆ ನಿಂತಿತು. "ಹುಲಿಕಟ್ಟೇದು" ಅಂದರು. "ನೀರುಗಂಟಿ ಹೆಂಡ್ರು ಮಕ್ಕಳನ್ನ ಒತ್ತೆ ಇಟ್ಟಾನು, ಇದನ್ನ ಇಡಾಕಿಲ್ಲ ಕಣ್ರಲಾ."

ನಾನು ಎಲ್ಲ ಹೇಳಿದೆ. ನನ್ನ ಲೆಕ್ಕ ತಪ್ಪಿದ್ದನ್ನೂ ಹೇಳಿದೆ. ಕುಮಾರಸ್ವಾಮಿ ಎರಡೂ ಹ್ಯಾಂಡಲ್ಲು ಎತ್ತಿ ನನ್ನ ಕೈಗೆ ಕೊಟ್ಟು, "ಈ ಮಾತು ಊರಾಚೆ ಹೋಗೋದು ಬೇಡ. ಅವರ ಊರೋರ ಕಿವಿಗೆ ಬಿದ್ರೆ ಆ ಯಜಮಾನನ್ನ ಉಳಿಸಲ್ಲ" ಎಂದರು. ನಲ್ಲಿಯ ಹತ್ತಿರ ಗುಟ್ಟು ನಿಲ್ಲದ ಊರು ನಮ್ಮದು. ಚಿಕ್ಕಹನುಮಕ್ಕ ತುಟಿ ಮುಚ್ಚಿಕೊಂಡು ಹೋದದ್ದನ್ನು ನನ್ನ ಕಣ್ಣಾರೆ ನೋಡಿದೆ.

23 ಮೇ

ಕೃತ್ತಿಕೆ ಗುಡುಗಿ ಸುರಿಯಿತು. ಏರಿಯ ಮೇಲೆ ನೆನೆಯುತ್ತಾ ನಿಂತಿದ್ದೆ. ನೀರು ನಾಲ್ಕು. ದಿಬ್ಬ ಉಳಿದಿದೆ. ತಾಯಿಹಕ್ಕಿಗಳು ರೆಕ್ಕೆ ಹರಡಿ ಮರಿಗಳ ಮೇಲೆ ಕೂತಿದ್ದವು. ಹತ್ತೊಂಬತ್ತು ಮರಿ ಎಣಿಸಿದೆ.

4 ಜೂನ್

ಹಾರಿತು!

ಮೂರನೇ ಗುಳಿಯ ಮರಿ. ದಿಬ್ಬದ ತುದಿಗೆ ಓಡಿತು, ನಿಂತಿತು, ಮತ್ತೆ ಓಡಿತು, ಕಾಲು ನೆಲ ಬಿಟ್ಟಿತು. ನೀರಿಗೆ ಬಿತ್ತೆಂದು ಕಿರುಚಿದೆ. ಬೀಳಲಿಲ್ಲ. ತೂಗಾಡಿಕೊಂಡು ಏರಿಯ ತನಕ ಬಂದು ನಮ್ಮ ತಲೆಯ ಮೇಲೆಯೇ ತಿರುಗಿತು. ಮಾವ ಮುಖ ಮೇಲೆತ್ತಿ, "ಮೇಲೈತಾ? ನಮ್ಮ ಮೇಲೈತಾ?" ಎಂದು ಕೇಳುತ್ತಲೇ ಇದ್ದರು. ಏರಿಯ ಮೇಲೆ ಅರ್ಧ ಊರಿತ್ತು. ಸಂಜೆಯ ಹೊತ್ತಿಗೆ ಒಂಬತ್ತು ಹಾರಿದವು.

ತಿರುಮಣಿ ಸೋಲಾರ್ ಪಾರ್ಕಿನಿಂದ ಗಂಡ ರಂಗರಾಜು ಫೋನ್ ಮಾಡಿದ್ದ. ಫಲಕ ತೊಳೆಯುವ ಕೆಲಸ ಮುಗಿಸಿ ಭಾನುವಾರ ಬರುತ್ತಾನಂತೆ. "ನಿನ್ನ ಫ್ಲೆಕ್ಸ್ ಏನಾಯ್ತೇ?" ಎಂದ. ಯಾವ ಫ್ಲೆಕ್ಸ್ ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮರಿ ಹೇಗೆ ಓಡಿತು ಎಂದು ಅವನಿಗೆ ಮತ್ತೆ ಮೊದಲಿಂದ ಹೇಳಿದೆ.

8 ಜೂನ್

ದಿಬ್ಬ ಖಾಲಿಯಾಯಿತು. ಹತ್ತೊಂಬತ್ತೂ ಹಾರಿವೆ.

ಅವರ ಹ್ಯಾಂಡಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹುಲಿಕಟ್ಟೆ ಏರಿಗೆ ಹೋದೆ. ಅಲ್ಲಿ ಅವರ ಊರು ಸೇರಿತ್ತು, ಮುಖಗಳು ಗಂಟಾಗಿದ್ದವು. ಬಂದ ನೀರನ್ನು ಬಿಡುವುದೆಂದರೆ ಯಾರಿಗೆ ಸಂಕಟವಿಲ್ಲ? ಸಣ್ಣರಂಗಯ್ಯ ದೊಡ್ಡಪ್ಪ ಅವರ ಮುಂದೆ ನಿಂತು, "ಇದು ಅವರ ಮುಯ್ಯಿ. ಇಟ್ಕಂಡ್ರೆ ನಾಳೆ ನಾವು ಯಾರ ತಾವ ಕೈ ಚಾಚನ?" ಎಂದಷ್ಟೇ ಹೇಳಿದರು. ಗೊಣಗಿದರು, ಆದರೆ ದಾರಿ ಬಿಟ್ಟು ಊರ ಕಡೆ ನಡೆದರು.

ಸೆರಗಿನಿಂದ ಹ್ಯಾಂಡಲ್ಲು ತೆಗೆದು ದೊಡ್ಡಪ್ಪನ ಕೈಗೆ ಕೊಡಲು ಹೋದೆ. "ನೀನೇ ತಿರುಗ್ಸು ಮಗಾ" ಅಂದರು. ತುಕ್ಕು ಹಿಡಿದ ತೂಬು, ನನ್ನೊಬ್ಬಳ ಕೈಗೆ ಜಗ್ಗಲಿಲ್ಲ. ಅವರೂ ಕೈ ಹಾಕಿದರು. ಕಿರ್ರೆಂದು ಎದ್ದಿತು. ನೀರು ಹಳ್ಳಕ್ಕೆ ನುಗ್ಗಿ ನಮ್ಮೂರ ಕಡೆ ಓಡಿತು.

ಇಬ್ಬರೂ ಏರಿಯ ಮೇಲೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಅವರ ಕೆರೆ ಒಂದು ಮೊಳ ಇಳಿದಿತ್ತು. ನಡುವೆ ಜಾಲಿಯ ಬುಡದಲ್ಲಿ ಒಂದು ಮಣ್ಣಿನ ಬೆನ್ನು ಎದ್ದು ಕಂಡಿತು. ಎಲ್ಲಿಂದಲೋ ಎರಡು ರೀವ ಬಂದು ಅದರ ಮೇಲೆ ಇಳಿದವು. ದೊಡ್ಡಪ್ಪ ಕೈಯಲ್ಲಿದ್ದ ಬೀಡಿ ಹಚ್ಚುವುದನ್ನೇ ಮರೆತರು.

"ಆ ಜಾಲಿ ಕಡಿದು ಹಾಕಿದ್ರೆ... ಬರೋ ವರ್ಷ ಇಲ್ಲಿಗೂ ಬರಬೋದು, ಅಲ್ವಾ ಮಗಾ?"

"ಬರ್ಲಿ ದೊಡ್ಡಪ್ಪ. ಬಂದ್ರೆ ಆಗ ನಮ್ಮ ಹ್ಯಾಂಡಲ್ಲು ನಿಮ್ಮನೇಲಿರ್ತದೆ ಬುಡು" ಅಂದೆ.

ಸಂಜೆಗೆ ನಮ್ಮ ಕೆರೆಯಲ್ಲಿ ನೀರು ಐದೂವರೆ ಗೀಟು. ನಾಳಿದ್ದು ಬೆಳಿಗ್ಗೆ ಮಚ್ಚು ತೆಗೆದುಕೊಂಡು ಹುಲಿಕಟ್ಟೆಗೆ ಹೋಗಬೇಕು. ನಮ್ಮ ಕಡೆಯಿಂದ ಹತ್ತು ಆಳು ಬರುತ್ತಾರೆ, ಚಿಕ್ಕಹನುಮಕ್ಕನೂ ಬರುತ್ತೇನೆಂದಿದ್ದಾಳೆ.